ಆಫ್ಟರ್ ಎಫೆಕ್ಟ್ಸ್‌ನಲ್ಲಿ 4ಕೆ ಪ್ರಿವ್ಯೂ ಅರ್ಧಕ್ಕೇ ನಿಲ್ಲುತ್ತೆ, ಗ್ರಾಫಿಕ್ಸ್ ಕಾರ್ಡ್ ಬದಲಿಸಬೇಕಾ?

ಕಲಬುರಗಿ_ಸ್ಟುಡಿಯೋ

ಎಲ್ಲರಿಗೂ ನಮಸ್ಕಾರ. ಕಲಬುರಗಿಯಲ್ಲಿ ನಮ್ಮದೊಂದು ಚಿಕ್ಕ ಸ್ಟುಡಿಯೋ ಇದೆ. ಮೊದಲು ಬರೀ ಮದುವೆ ವಿಡಿಯೋ. ಈಗ ಬಟ್ಟೆ ಅಂಗಡಿ, ಕೋಚಿಂಗ್ ಸೆಂಟರ್‌ಗಳ ಎಲ್‌ಇಡಿ ಜಾಹೀರಾತು ಜಾಸ್ತಿ ಬರುತ್ತಿವೆ. ಶರಣಬಸವೇಶ್ವರ ಜಾತ್ರೆ ಹತ್ತಿರ ಬಂದರೆ ಟೈಟಲ್ ಅನಿಮೇಷನ್ ಕೆಲಸ ಕೈತುಂಬ ಇರುತ್ತದೆ. ಅನಿಮೇಷನ್ ಮಾಡುವುದು ಆಫ್ಟರ್ ಎಫೆಕ್ಟ್ಸ್ ಸಾಫ್ಟ್‌ವೇರ್‌ನಲ್ಲಿ.

ಸಿಸ್ಟಮ್ ಇದು: ಐ5-12400ಎಫ್, 16 ಜಿಬಿ ರ‍್ಯಾಮ್ (ಒಂದೇ ಸ್ಟಿಕ್, ಡಿಡಿಆರ್4), ಆರ್‌ಟಿಎಕ್ಸ್ 4060, ವಿಂಡೋಸ್‌ಗೆ 500 ಜಿಬಿ ಎನ್‌ವಿಎಂಇ (ವೇಗದ ಎಸ್‌ಎಸ್‌ಡಿ), ಉಳಿದದ್ದಕ್ಕೆಲ್ಲ 2 ಟಿಬಿ ಹಾರ್ಡ್ ಡಿಸ್ಕ್.

10 ಸೆಕೆಂಡಿನ 4ಕೆ ಕಾಂಪ್‌ನಲ್ಲಿ (ಒಂದು ಅನಿಮೇಷನ್ ದೃಶ್ಯ) ಸ್ಪೇಸ್ ಬಾರ್ ಒತ್ತಿದರೆ ಟೈಮ್‌ಲೈನ್ ಮೇಲಿನ ಹಸಿರು ಗೆರೆ (ಪ್ರಿವ್ಯೂಗೆ ತಯಾರಾದ ಫ್ರೇಮ್‌ಗಳ ಗುರುತು) 4 ಸೆಕೆಂಡ್ ಹತ್ತಿರ ನಿಂತುಬಿಡುತ್ತದೆ. ಮತ್ತೆ ಮೊದಲಿಂದ ಶುರು. ಮಧ್ಯಾಹ್ನ ರೆಂಡರ್ ಕೂಡ ನಿಧಾನ, ಅದೇ ಪ್ರಾಜೆಕ್ಟ್ ರಾತ್ರಿ ಬೇಗ ಮುಗಿಯುತ್ತದೆ. ಅಂಗಡಿಯವರು "4070 ಟಿಐ ಹಾಕಿಸಿ, ಎಲ್ಲ ಸರಿ ಹೋಗುತ್ತೆ" ಅನ್ನುತ್ತಾರೆ. ದೊಡ್ಡ ಖರ್ಚು. ಹಾಕಿಸಬೇಕಾ?

ಬೀದರ್_ಕಂಪೋಸಿಟರ್

ಸದ್ಯಕ್ಕೆ ದುಡ್ಡು ಕೊಡಬೇಡಿ ಅಣ್ಣಾ. ಪ್ರಿವ್ಯೂ ಓಡುವಾಗ ಟಾಸ್ಕ್ ಮ್ಯಾನೇಜರ್ ತೆಗೆದು ಪರ್ಫಾರ್ಮೆನ್ಸ್ ಟ್ಯಾಬ್ ನೋಡಿ. ಮೆಮೊರಿ, ಡಿಸ್ಕ್, ಜಿಪಿಯು ಎಷ್ಟೆಷ್ಟು ಇದೆ ಹೇಳಿ. ಮಧ್ಯಾಹ್ನ ರೆಂಡರ್ ಹಾಕಿದಾಗ ಪ್ರೊಸೆಸರ್ ಬಿಸಿ ಎಷ್ಟಿರುತ್ತೆ ಅಂತ ಎಚ್‌ಡಬ್ಲ್ಯೂಇನ್ಫೋ ಅನ್ನೋ ಸಾಫ್ಟ್‌ವೇರ್‌ನಲ್ಲಿ ನೋಡಿ. ಪ್ರಾಜೆಕ್ಟ್‌ನ ಬಣ್ಣದ ಆಳ 8 ಬಿಟ್ಟಾ, 16 ಬಿಟ್ಟಾ? ಡಿಸ್ಕ್ ಕ್ಯಾಶ್ (ತಯಾರಾದ ಫ್ರೇಮ್ ಇಡುವ ಜಾಗ) ಯಾವ ಡ್ರೈವ್‌ನಲ್ಲಿದೆ?

ಕಲಬುರಗಿ_ಸ್ಟುಡಿಯೋ

ನೋಡಿದೆ ಸರ್. ಮೆಮೊರಿ 94%, ಹಾರ್ಡ್ ಡಿಸ್ಕ್ 100%ಗೆ ಅಂಟಿಕೊಂಡಿದೆ. ಜಿಪಿಯು ಮಾತ್ರ 15% ದಾಟಲಿಲ್ಲ. ಮಧ್ಯಾಹ್ನ ಪ್ರೊಸೆಸರ್ 99 ಡಿಗ್ರಿ. ಪ್ರಾಜೆಕ್ಟ್ 16 ಬಿಟ್. ಕ್ಯಾಶ್ ಹಾರ್ಡ್ ಡಿಸ್ಕ್‌ನಲ್ಲೇ ಇದೆ.

ಬೀದರ್_ಕಂಪೋಸಿಟರ್

ಹಾಗಾದರೆ ಗ್ರಾಫಿಕ್ಸ್ ಕಾರ್ಡ್ ಸುಮ್ನೆ ಕೂತಿದೆ. ಅದಕ್ಕಿಂತ ದೊಡ್ಡದು ಹಾಕಿದರೂ ಅದೂ ಕೂತೇ ಇರುತ್ತದೆ.

ಪ್ರಿವ್ಯೂ ಫ್ರೇಮ್‌ಗಳು ರ‍್ಯಾಮ್‌ನಲ್ಲಿ ಕೂರುತ್ತವೆ. ಲೆಕ್ಕ ಹಾಕಿ ನೋಡೋಣ. 4ಕೆ ಅಂದರೆ 3840×2160 ಪಿಕ್ಸೆಲ್. ಒಂದೊಂದು ಪಿಕ್ಸೆಲ್‌ಗೂ ಕೆಂಪು, ಹಸಿರು, ನೀಲಿ, ಆಲ್ಫಾ ಅಂತ ನಾಲ್ಕು ಚಾನೆಲ್. 8 ಬಿಟ್‌ನಲ್ಲಿ ಒಂದು ಫ್ರೇಮ್‌ಗೆ ಸುಮಾರು 33 ಎಂಬಿ ಬೇಕು, 16 ಬಿಟ್‌ನಲ್ಲಿ 66, 32 ಬಿಟ್‌ನಲ್ಲಿ 133. ನಿಮ್ಮದು 16 ಬಿಟ್. ಸೆಕೆಂಡಿಗೆ 25 ಫ್ರೇಮ್ ಅಂದರೆ 10 ಸೆಕೆಂಡಿಗೆ 250 ಫ್ರೇಮ್, ಅಂದರೆ 16.5 ಜಿಬಿ. ವಿಂಡೋಸ್, ಬ್ರೌಸರ್, ಆಫ್ಟರ್ ಎಫೆಕ್ಟ್ಸ್ ತಮ್ಮ ಪಾಲು ತಗೊಂಡ ಮೇಲೆ ಪ್ರಿವ್ಯೂಗೆ ಉಳಿಯುವುದು 6-7 ಜಿಬಿ. ಅದರಲ್ಲಿ 100 ಫ್ರೇಮ್ ಹಿಡಿಯುತ್ತೆ. 100 ಫ್ರೇಮ್ ಅಂದರೆ 4 ಸೆಕೆಂಡ್. ಹಸಿರು ಗೆರೆ ಅಲ್ಲೇ ನಿಲ್ಲುತ್ತಿದೆ, ಅಲ್ವಾ?

ಇವತ್ತೇ, ಖರ್ಚಿಲ್ಲದೆ ಆಗುವ ಕೆಲಸ: ಪ್ರಿವ್ಯೂ ರೆಸಲ್ಯೂಷನ್ ಹಾಫ್‌ಗೆ ಇಡಿ. ಉದ್ದ, ಅಗಲ ಎರಡೂ ಅರ್ಧ ಆಗುವುದರಿಂದ ಮೆಮೊರಿ ಕಾಲು ಭಾಗ ಸಾಕು. ಬರೀ ಟೈಮಿಂಗ್ ನೋಡುವಾಗ ಪ್ರಾಜೆಕ್ಟ್‌ನ್ನು 8 ಬಿಟ್‌ಗೆ ಇಳಿಸಿ. ಗ್ರೇಡಿಯಂಟ್, ಗ್ಲೋ ಇರುವ ಕೆಲಸದಲ್ಲಿ ಫೈನಲ್ ರೆಂಡರ್‌ಗೆ 16 ಬಿಟ್ ವಾಪಸ್ ಇಡುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಎಲ್‌ಇಡಿ ಪರದೆ ಮೇಲೆ ಬಣ್ಣ ಪಟ್ಟೆ ಪಟ್ಟೆಯಾಗಿ ಕಾಣುತ್ತದೆ.

ಕೊಳ್ಳುವುದಾದರೆ ಮೊದಲು ರ‍್ಯಾಮ್. 32 ಜಿಬಿಯ ಎರಡು ಸ್ಟಿಕ್ (ಒಟ್ಟು 64 ಜಿಬಿ), ಜೋಡಿಯಾಗಿ ಒಂದೇ ಪ್ಯಾಕ್‌ನಲ್ಲಿ ಬಂದಿದ್ದನ್ನೇ ತಗೊಳ್ಳಿ. ಹಳೆಯ ಸ್ಟಿಕ್ ಜೊತೆ ಸೇರಿಸಬೇಡಿ. ಬೋರ್ಡ್‌ನಲ್ಲಿ ನಾಲ್ಕು ಸ್ಲಾಟ್ ಇದ್ದರೆ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎರಡನೆಯದು ಮತ್ತು ನಾಲ್ಕನೆಯದಕ್ಕೆ ಹಾಕಬೇಕು. ಬೋರ್ಡ್ ಮೇಲೆ ಎ2, ಬಿ2 ಅಂತ ಅಚ್ಚು ಇರುತ್ತೆ. ಆಮೇಲೆ ಬಯಾಸ್‌ಗೆ ಹೋಗಿ ಎಕ್ಸ್‌ಎಂಪಿ ಆನ್ ಮಾಡಿ, ಇಲ್ಲವಾದರೆ ರ‍್ಯಾಮ್ ತನ್ನ ಪೂರ್ತಿ ವೇಗದಲ್ಲಿ ಓಡುವುದಿಲ್ಲ.

ಎರಡನೆಯದು, ಕ್ಯಾಶ್‌ಗೇ ಅಂತ 1 ಟಿಬಿ ಎನ್‌ವಿಎಂಇ. ಹಾರ್ಡ್ ಡಿಸ್ಕ್ ಸೆಕೆಂಡಿಗೆ 150-200 ಎಂಬಿ ಓದುತ್ತದೆ. ಸಾಟಾ ಎಸ್‌ಎಸ್‌ಡಿ 550ರ ಹತ್ತಿರ. ಸಾಧಾರಣ ಎನ್‌ವಿಎಂಇ ಕೂಡ 3000 ದಾಟುತ್ತದೆ. 2025ರಲ್ಲಿ ಬಂದ ಆಫ್ಟರ್ ಎಫೆಕ್ಟ್ಸ್ 25.2 ಆವೃತ್ತಿಯಿಂದ ಪ್ರಿವ್ಯೂ ಡಿಸ್ಕ್ ಕ್ಯಾಶ್‌ನಿಂದಲೂ ಓಡುತ್ತದೆ. ಹಾಗಾಗಿ ಈ ಡ್ರೈವ್‌ಗೆ ಹಾಕಿದ ದುಡ್ಡು ದಂಡ ಆಗಲ್ಲ.

ಯಾದಗಿರಿ_ವಿಡಿಯೋ

ನಡುವೆ ಒಂದು ಪ್ರಶ್ನೆ. ಅನಿಮೇಷನ್ ಕೆಲಸ ಏನೂ ಇಲ್ಲದಿದ್ದರೂ ನಮ್ಮ ಹೊಸ ಕ್ಯಾಮೆರಾದ ಎಚ್.265 (ಬಹಳ ಒತ್ತಿದ ವಿಡಿಯೋ), 10 ಬಿಟ್ 4:2:2 (ಬಣ್ಣದ ವಿವರ ಹೆಚ್ಚಿರುವ) ಕ್ಲಿಪ್ ತಡವರಿಸುತ್ತದೆ. ನನ್ನದೂ 4060 ಕಾರ್ಡೇ.

ಬೀದರ್_ಕಂಪೋಸಿಟರ್

ಆರ್‌ಟಿಎಕ್ಸ್ 40 ಸರಣಿಯ ಕಾರ್ಡ್‌ಗಳಿಗೆ 4:2:2 ವಿಡಿಯೋವನ್ನು ಹಾರ್ಡ್‌ವೇರ್‌ನಲ್ಲಿ ಬಿಚ್ಚಲು ಬರುವುದಿಲ್ಲ. 50 ಸರಣಿಯಲ್ಲಿ ಬಂತು. ಇಂಟೆಲ್ ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್ ಇದನ್ನು 11ನೇ ಪೀಳಿಗೆಯಿಂದಲೇ ಮಾಡುತ್ತದೆ. ಆದರೆ ಹೆಸರಿನ ಕೊನೆಗೆ ಎಫ್ ಇರುವ ಪ್ರೊಸೆಸರ್‌ನಲ್ಲಿ ಆ ಗ್ರಾಫಿಕ್ಸೇ ಇರಲ್ಲ. ಸ್ವಲ್ಪ ಕಡಿಮೆ ಬೆಲೆ ಅಂತ ಎಫ್ ಕೊಡುತ್ತಾರೆ, ವಿಡಿಯೋ ಕೆಲಸದವರಿಗೆ ಅದು ನಷ್ಟ. ಮುಂದೆ ಪ್ರೊಸೆಸರ್ ಬದಲಿಸಿದರೆ ಇಬ್ಬರೂ ಎಫ್ ಇಲ್ಲದ್ದನ್ನೇ ಕೇಳಿ. ಅಲ್ಲಿವರೆಗೆ ಮೀಡಿಯಾ ಎನ್‌ಕೋಡರ್‌ನಲ್ಲಿ ಪ್ರೊರೆಸ್ ಪ್ರಾಕ್ಸಿ (ಸುಲಭವಾಗಿ ಓಡುವ ಬದಲಿ ಪ್ರತಿ) ಮಾಡಿಕೊಂಡು ಕೆಲಸ ಮಾಡಿ. ಜಾಗ ಜಾಸ್ತಿ ತಿನ್ನುತ್ತೆ, ಆದರೆ ಟೈಮ್‌ಲೈನ್ ಸಲೀಸಾಗಿ ಓಡುತ್ತೆ.

ಕಲಬುರಗಿ ಅಣ್ಣಾ, ಈಗ ನಿಮ್ಮ ಮಧ್ಯಾಹ್ನದ ವಿಷಯ. ಇಂಟೆಲ್ ಪ್ರೊಸೆಸರ್ 100 ಡಿಗ್ರಿ ಮುಟ್ಟಿದರೆ ಸುಡದಿರಲಿ ಅಂತ ತಾನೇ ವೇಗ ಇಳಿಸುತ್ತದೆ. ನಮ್ಮ ಕಡೆ ಮೇ ತಿಂಗಳಲ್ಲಿ ಹೊರಗೆ 42-43 ಡಿಗ್ರಿ. ಡಬ್ಬದಲ್ಲಿ ಬಂದ ಪುಟ್ಟ ಕೂಲರ್ ಗಂಟೆಗಟ್ಟಲೆ ರೆಂಡರ್ ತಡೆಯಲ್ಲ. ಟವರ್ ಕೂಲರ್ ಹಾಕಿಸಿ. ಕ್ಯಾಬಿನೆಟ್ ಮುಂಭಾಗ ಗಾಜಿನದಾದರೆ ಗಾಳಿ ಒಳಗೆ ಹೋಗಲ್ಲ, ಜಾಲರಿ ಇರುವುದು ಬೇಕು. ಧೂಳಿನ ಫಿಲ್ಟರ್ ಆಗಾಗ ತೆಗೆದು ತೊಳೆಯಿರಿ.

ಕಲಬುರಗಿ_ಸ್ಟುಡಿಯೋ

ಹಾಫ್‌ಗೆ ಇಟ್ಟ ತಕ್ಷಣ 10 ಸೆಕೆಂಡ್ ಪೂರ್ತಿ ಓಡಿತು ಸರ್! ರ‍್ಯಾಮ್, ಎನ್‌ವಿಎಂಇ, ಕೂಲರ್ ಮೂರೂ ತರಿಸುತ್ತೇನೆ. ಹೈದರಾಬಾದ್ ಕಡೆ ಹೋಗುವವರಿದ್ದಾರೆ, ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರ್‌ನಲ್ಲಿ ಕೇಳಬೇಕು. ಇನ್ನೊಂದು ವಿಷಯ, ರೆಂಡರ್ ನಡುವೆ ಕರೆಂಟ್ ಹೋದರೆ ಫೈಲ್ ಪೂರ್ತಿ ಹಾಳು. 600 ವಿಎ ಯುಪಿಎಸ್ ಇದೆ, ಒಮ್ಮೊಮ್ಮೆ ಅದೂ ಟ್ರಿಪ್ ಆಗುತ್ತೆ.

ಬೀದರ್_ಕಂಪೋಸಿಟರ್

600 ವಿಎ ಅಂದರೆ ಸುಮಾರು 360 ವ್ಯಾಟ್. ರೆಂಡರ್ ಹೊತ್ತಿಗೆ ಸಿಸ್ಟಮ್, ಮಾನಿಟರ್ ಸೇರಿ ಅದರ ಅಂಚಿಗೆ ಬರುತ್ತವೆ. 1000 ವಿಎ ಅಥವಾ ಮೇಲಿನದು ನೋಡಿ, ಸೈನ್ ವೇವ್ ಆದರೆ ಒಳ್ಳೆಯದು. ಇನ್ನು ರೆಂಡರ್‌ನ್ನು ನೇರ ವಿಡಿಯೋ ಫೈಲ್ ಮಾಡಬೇಡಿ. ಪಿಎನ್‌ಜಿ ಸೀಕ್ವೆನ್ಸ್ (ಒಂದೊಂದು ಫ್ರೇಮ್‌ಗೂ ಒಂದೊಂದು ಚಿತ್ರ) ತೆಗೆಯಿರಿ. ಕರೆಂಟ್ ಹೋದರೂ ಅಲ್ಲಿವರೆಗಿನ ಫ್ರೇಮ್‌ಗಳು ಉಳಿದಿರುತ್ತವೆ. ರೆಂಡರ್ ಸೆಟ್ಟಿಂಗ್ಸ್‌ನಲ್ಲಿ 'ಸ್ಕಿಪ್ ಎಗ್ಜಿಸ್ಟಿಂಗ್ ಫೈಲ್ಸ್' ಟಿಕ್ ಮಾಡಿ ಮತ್ತೆ ಹಾಕಿದರೆ ಉಳಿದದ್ದನ್ನಷ್ಟೇ ಮಾಡುತ್ತದೆ. ಶುರು ಮಾಡುವ ಮುಂಚೆ ಕೊನೆಯ ಫ್ರೇಮ್ ಅಳಿಸಿಬಿಡಿ, ಅದು ಅರ್ಧಂಬರ್ಧ ಬರೆದಿರಬಹುದು.

ಗ್ರಾಫಿಕ್ಸ್ ಕಾರ್ಡ್ ಬೇಕಾಗುವುದು ನೀವು ಬ್ಲೆಂಡರ್‌ನಲ್ಲಿ ತ್ರೀಡಿ ರೆಂಡರ್ ಅಥವಾ ಡಾವಿಂಚಿ ರಿಸಾಲ್ವ್‌ನ ಫ್ಯೂಷನ್‌ನಲ್ಲಿ ದೊಡ್ಡ ಕಂಪೋಸಿಟಿಂಗ್ ಶುರು ಮಾಡಿದಾಗ. ಆಗ 12-16 ಜಿಬಿ ವಿರ‍್ಯಾಮ್ (ಕಾರ್ಡ್‌ನದೇ ಮೆಮೊರಿ) ಇರುವುದನ್ನು ತಗೊಳ್ಳಿ, ಎಸ್‌ಎಂಪಿಎಸ್ (ಪವರ್ ಸಪ್ಲೈ) ಎಷ್ಟು ವ್ಯಾಟ್ ಅಂತ ಮೊದಲು ನೋಡಿ.