ಗಿಡ್ಡ ತೋಳಿನವರಿಗೆ ಎಂಥ ರೈಫಲ್ ಹೊಂದುತ್ತದೆ?

ಪ್ರಶ್ನೆ: ಗುರಿ ಶೂಟಿಂಗ್ ಕಲಿಯುತ್ತಿರುವ ನನ್ನ ತಂಗಿ ಐದು ಅಡಿಗಿಂತ ಕುಳ್ಳಗಿದ್ದಾಳೆ. ರೈಫಲ್ ಎತ್ತಿದಾಗ ಬಟ್ (ಭುಜಕ್ಕೆ ಒತ್ತಿ ಹಿಡಿಯುವ ಹಿಂತುದಿ) ಭುಜದಿಂದ ತೋಳಿನ ಕಡೆಗೆ ಜಾರುತ್ತದೆ, ಸ್ವಲ್ಪ ಹೊತ್ತಿಗೇ ಎಡಗೈ ನಡುಗುತ್ತದೆ. ಆದಷ್ಟು ಹಗುರವಾದುದನ್ನೇ ಕೊಳ್ಳಬೇಕೇ?

ಉತ್ತರ 1: ಬಟ್ ಜಾರುವುದಕ್ಕೆ ತೂಕವಲ್ಲ, ಸ್ಟಾಕಿನ (ನಳಿಕೆಯನ್ನು ಹಿಡಿದಿಡುವ, ಭುಜಕ್ಕೆ ಒರಗುವ ಭಾಗದ) ಉದ್ದವೇ ಕಾರಣವಿರಬೇಕು. ಟ್ರಿಗರ್‌ನಿಂದ ಬಟ್‌ನ ತುದಿಯವರೆಗಿನ ಅಂತರ ವಯಸ್ಕರ ರೈಫಲ್‌ಗಳಲ್ಲಿ ಸಾಮಾನ್ಯವಾಗಿ 34 ಸೆಂ.ಮೀ. ಆಸುಪಾಸಿನಲ್ಲಿರುತ್ತದೆ, ನಿಮ್ಮ ತಂಗಿಗೆ ಅದಕ್ಕಿಂತ ಎರಡು ಮೂರು ಸೆಂ.ಮೀ. ಕಡಿಮೆ ಬೇಕಾಗಬಹುದು. ಬಂದೂಕು ಖಾಲಿಯಿದೆಯೆಂದು ಖಚಿತಪಡಿಸಿಕೊಂಡು, ಸುರಕ್ಷಿತ ದಿಕ್ಕಿಗೆ ಹಿಡಿದು, ಕಣ್ಣು ಮುಚ್ಚಿ ಭುಜಕ್ಕೇರಿಸಲಿ. ಕಣ್ಣು ತೆರೆದಾಗ ಕತ್ತು ಚಾಚದೆಯೇ ಗುರಿನೋಟ ನೇರವಾಗಿ ಸಿಕ್ಕರೆ ಅಳತೆ ಸರಿಯಿದೆ. ಬಟ್‌ನಲ್ಲಿ ತುಂಡುಗಳನ್ನು ಸೇರಿಸಿ, ತೆಗೆದು ಉದ್ದ ಬದಲಿಸಬಹುದಾದ ಸ್ಟಾಕ್ ಉತ್ತಮ.

ಉತ್ತರ 2: ಕೇವಲ ಹಗುರವಾದುದನ್ನು ಹುಡುಕಬೇಡಿ. ಅದೇ ಗುಂಡನ್ನು ಹಾರಿಸಿದಾಗ ಹಗುರ ಬಂದೂಕೇ ಹೆಚ್ಚು ಜೋರಾಗಿ ಹಿಂದಕ್ಕೆ ಒದೆಯುತ್ತದೆ, ಆ ಭಯಕ್ಕೆ ಕಲಿಯುವವರು ಟ್ರಿಗರ್ ಎಳೆಯುವ ಮೊದಲೇ ಬೆಚ್ಚಿಬೀಳುತ್ತಾರೆ. .22 ರಿಮ್‌ಫೈರ್ ಎಂಬ ಚಿಕ್ಕ ಗುಂಡಿನ ರೈಫಲ್‌ನಲ್ಲಿ ಒದೆತ ನಗಣ್ಯವಾದ್ದರಿಂದ ಅಲ್ಲಿ ತೂಕ ಇಳಿಸಲು ಅಡ್ಡಿಯಿಲ್ಲ.

ಉತ್ತರ 3: ಕೈ ನಡುಗುವುದಕ್ಕೆ ಒಟ್ಟು ತೂಕಕ್ಕಿಂತ ಮುಂದುಗಡೆಯ ಭಾರ ಕಾರಣವಿರಬಹುದು. ನಳಿಕೆ ಗಿಡ್ಡದಾಗಿರುವ ರೈಫಲನ್ನು ಒಮ್ಮೆ ಎತ್ತಿ ನೋಡಲಿ.