ಎಲ್ ಆಕಾರದ ಮನೆ, ಎರಡು ಹಿಪ್ ರೂಫ್: ರೆವಿಟ್‌ನಲ್ಲಿ ಜಾಯಿನ್ ಆಗುತ್ತಿಲ್ಲ

ಸೂರಿನಂಚು:

ಮಂಗಳೂರು ಹಂಚಿನ ಮನೆ, ಎಲ್ ಆಕಾರ. ಸೂರಿನಿಂದ ಸೂರಿಗೆ ಅಳೆದರೆ ಮುಖ್ಯ ಭಾಗ 14 × 8 ಮೀ. ಅದರ ಎಡತುದಿಯಿಂದ 6 ಮೀ ಅಗಲದ ಕವಲು ಮುಂದಕ್ಕೆ 5 ಮೀ ಚಾಚಿದೆ. ಎಡಗೋಡೆ ಎರಡಕ್ಕೂ ಒಂದೇ ನೇರ. ಎಲ್ಲ ಕಡೆ 30° ಇಳಿಜಾರು, ಸೂರು ಗೋಡೆಯಿಂದಾಚೆ 750 ಮಿಮೀ. ರೆವಿಟ್‌ನಲ್ಲಿ (ಕಟ್ಟಡದ 3ಡಿ ಮಾದರಿ ಮಾಡುವ ಸಾಫ್ಟ್‌ವೇರ್) ಎರಡು ಹಿಪ್ ರೂಫ್ (ಎಲ್ಲ ಕಡೆಗೂ ಇಳಿಜಾರಿರುವ ಮಾಡು) ಬೇರೆ ಬೇರೆ ಮಾಡಿ ಜಾಯಿನ್/ಅನ್‌ಜಾಯಿನ್ ರೂಫ್ ಕೊಟ್ಟರೆ ಒಮ್ಮೆ ಎರರ್. ಇನ್ನೊಮ್ಮೆ ಸೇರಿದ ಹಾಗೆ ಕಂಡರೂ ಎಡಗಡೆ ಎರಡು ಮುಖಗಳು ಒಂದರ ಮೇಲೊಂದು ಕೂತು 3ಡಿಯಲ್ಲಿ ಮಿನುಗುತ್ತವೆ. ಜಾಯಿನ್ ಜಿಯಾಮೆಟ್ರಿಯಿಂದಲೂ ಪ್ರಯೋಜನವಿಲ್ಲ. ತಪ್ಪು ಎಲ್ಲಿ? ಜೊತೆಗೆ, ಮನೆಯವರಿಗೆ ಎರಡೂ ರಿಡ್ಜ್ (ಮಾಡಿನ ನೆತ್ತಿಯ ಗೆರೆ) ಒಂದೇ ಎತ್ತರಕ್ಕೆ ಬೇಕಂತೆ. ಅದು ಸಾಧ್ಯವೇ?

ಮೂಲೆಮಟ್ಟ:

ಎರಡನ್ನೂ ಡಿಲೀಟ್ ಮಾಡಿ. ಸೂರಿನ ಮಟ್ಟ ಒಂದೇ, ಇಳಿಜಾರೂ ಒಂದೇ ಎಂದಮೇಲೆ ಇದು ಒಂದೇ ರೂಫ್.

ಜಾಯಿನ್ ರೂಫ್ ಸರಿಯಾಗಿ ನಡೆಯುವುದು ಒಂದು ರೂಫಿನ ತುದಿ ಇನ್ನೊಂದರ ಮುಖಕ್ಕೆ ಹೋಗಿ ತಾಗುವಾಗ. ನಿಮ್ಮ ಕವಲಿನ ಬಲ ಇಳಿಜಾರು ಹಾಗೆ ತಾಗುತ್ತದೆ. ಎಡ ಇಳಿಜಾರು ಎಲ್ಲಿಯೂ ತಾಗುವುದಿಲ್ಲ, ಮುಖ್ಯ ರೂಫಿನ ಎಡ ಹಿಪ್ ಮುಖದ ಸಮತಲದಲ್ಲೇ ಮುಂದುವರಿಯುತ್ತದೆ. ಅದನ್ನು ಎಲ್ಲಿ ಕತ್ತರಿಸಿ ನಿಲ್ಲಿಸಬೇಕು ಎಂಬುದಕ್ಕೆ ಅಂಚೇ ಇಲ್ಲ. ಮಿನುಗುವುದೂ ಅದಕ್ಕೇ. ಜಾಯಿನ್ ಜಿಯಾಮೆಟ್ರಿ ಬೇರೆಯೇ ಟೂಲ್, ಅದು ರೂಫನ್ನು ಉದ್ದ ಮಾಡಿ ಇನ್ನೊಂದಕ್ಕೆ ಮುಟ್ಟಿಸುವುದಿಲ್ಲ.

ರೂಫ್ ಬೈ ಫುಟ್‌ಪ್ರಿಂಟ್ ತೆಗೆದುಕೊಳ್ಳಿ. ಪಿಕ್ ವಾಲ್ಸ್, ಓವರ್‌ಹ್ಯಾಂಗ್ 750, ಡಿಫೈನ್ಸ್ ಸ್ಲೋಪ್‌ಗೆ ಟಿಕ್. ಹೊರಗೋಡೆಗಳನ್ನು ಮಾತ್ರ ಆರಿಸಿ. ಒಟ್ಟು ಆರೇ ಗೆರೆ ಬರಬೇಕು. ಎಡಗೋಡೆಯನ್ನು ಎರಡು ತುಂಡಾಗಿ ಎಳೆದಿದ್ದರೆ ಅಲ್ಲಿ ಏಳನೆಯ ಗೆರೆ ಬಂದಿರುತ್ತದೆ, ಅದನ್ನು ಅಳಿಸಿ ಉಳಿದದ್ದನ್ನು 13 ಮೀಟರಿಗೆ ಎಳೆಯಿರಿ. ಕವಲು ಮುಖ್ಯ ಭಾಗಕ್ಕೆ ಸೇರುವ ಬಾಯಿಗೆ ಗೆರೆ ಬೇಡ. ಒಳಮೂಲೆಯಲ್ಲಿ ಗೆರೆಗಳು ಒಂದನ್ನೊಂದು ದಾಟಿದ್ದರೆ ಟ್ರಿಮ್ ಮಾಡಿ, ಇಲ್ಲವಾದರೆ ಸ್ಕೆಚ್ ಮುಗಿಯುವುದಿಲ್ಲ. ಇಳಿಜಾರು ಟೈಪ್ ಮಾಡುವ ಮುಂಚೆ ಪ್ರಾಜೆಕ್ಟ್ ಯೂನಿಟ್ಸ್ ಒಮ್ಮೆ ನೋಡಿ: ಸ್ಲೋಪ್ ಪ್ರತಿ 1000 ಮಿಮೀಗೆ ಏರಿಕೆ ಎಂದಿದ್ದರೆ ನೀವು ಬರೆದ 30 ಅಂದರೆ 1.7°, ರೂಫ್ ಚಪ್ಪಟೆ. ಆ ಲೆಕ್ಕದಲ್ಲಿ 30°ಗೆ 577 ಬರೆಯಬೇಕು.

ಮುಗಿಸಿದಾಗ ಸೂರಿನಿಂದ ಮುಖ್ಯ ರಿಡ್ಜ್ 2.31 ಮೀ, ಕವಲಿನದು 1.73 ಮೀ ಎತ್ತರದಲ್ಲಿ ಬರುತ್ತದೆ. ಎರಡರ ನಡುವೆ 1.53 ಮೀ ಉದ್ದದ ಒಂದು ತುಂಡು ಹಿಪ್ (ಎರಡು ಇಳಿಜಾರು ಸೇರುವ ಉಬ್ಬು ಅಂಚು) ಕಾಣುತ್ತದೆ: ಕವಲಿನ ರಿಡ್ಜ್ ವ್ಯಾಲಿಗೆ (ಒಳಮೂಲೆಯಿಂದ ಏರುವ ತಗ್ಗು ಅಂಚು) ಸೇರುವ ಬಿಂದುವಿನಿಂದ ಓರೆಯಾಗಿ ಮುಖ್ಯ ರಿಡ್ಜಿನ ತುದಿಗೆ. ಇದನ್ನು ಸಾಫ್ಟ್‌ವೇರ್ ತಪ್ಪು ಎಂದುಕೊಂಡು ಗೆರೆ ಒಡೆದು ಸರಿಮಾಡಲು ಹೊರಡುವವರೇ ಹೆಚ್ಚು. ತಪ್ಪಲ್ಲ. ಅಗಲ ಬೇರೆ, ಇಳಿಜಾರು ಒಂದೇ ಎಂದರೆ ಸೈಟಿನಲ್ಲೂ ಬಡಗಿ ಅಲ್ಲಿ ಒಂದು ಗಿಡ್ಡ ಮೂಲೆ ಪಕ್ಕಾಸು ಕೂರಿಸಲೇಬೇಕು.

ಪಕ್ಕಾಸು_ರೀಪು:

ಮೇಲಿನದ್ದು ಸರಿ. ಎರಡು ರೂಫ್ ಜಾಯಿನ್ ಮಾಡುವುದರಲ್ಲಿ ಇನ್ನೊಂದು ಅಪಾಯ ಇದೆ ಮಾರಾಯ್ರೇ, ಯಾರೂ ಹೇಳುವುದಿಲ್ಲ. ಜಾಯಿನ್ ಆದರೂ ಕವಲಿನ ಕೆಳಗೆ ಅಡಗಿದ ಮುಖ್ಯ ರೂಫಿನ ಭಾಗ ಹಾಗೇ ಉಳಿಯುತ್ತದೆ. ನಿಮ್ಮ ಅಳತೆಗೆ ಅದು ಪ್ಲಾನಿನಲ್ಲಿ 9 ಚ.ಮೀ ತ್ರಿಕೋನ, ಇಳಿಜಾರಿನಲ್ಲಿ 10.4. ಚ.ಮೀಗೆ 15 ಹಂಚು ಹಿಡಿದರೆ ಸುಮಾರು 156 ಹಂಚು ಸುಮ್ಮನೆ ಲೆಕ್ಕಕ್ಕೆ ಸೇರುತ್ತದೆ. ಅಟ್ಟ ಇದ್ದರೆ ಒಳಗಿನಿಂದ ಆ ಭಾಗ ಅಡ್ಡ ನಿಂತಿರುವುದೂ ಕಾಣುತ್ತದೆ. ಡಾರ್ಮರ್ ಓಪನಿಂಗ್ ಎಂಬ ಟೂಲ್ ಕೊಟ್ಟು ಅದನ್ನು ಕತ್ತರಿಸಿ ತೆಗೆಯಬೇಕು.

ಒಂದೇ ರೂಫಾದರೆ ಪ್ಲಾನ್ 142 ಚ.ಮೀ, ಇಳಿಜಾರಿನಲ್ಲಿ 164, ಹಂಚು 2460. ಹಿಪ್, ವ್ಯಾಲಿಯಲ್ಲಿ ಕತ್ತರಿಸಿ ಹಾಳಾಗುವುದು ಬೇರೆ. ರಿಡ್ಜ್ ಹಂಚಿನ ಉದ್ದ ರೂಫ್ ಶೆಡ್ಯೂಲಿನಲ್ಲಿ ಬರುವುದಿಲ್ಲ, 3ಡಿಯಲ್ಲಿ ಅಳೆದು ಕೂಡಿಸಿ: ರಿಡ್ಜ್ 6 + 5, ಮುಖ್ಯ ಭಾಗದ ಹಿಪ್ ಮೂರು, ತಲಾ 6.11, ಕವಲಿನದು ಎರಡು, ತಲಾ 4.58, ಆ ತುಂಡು 1.53. ಒಟ್ಟು 40 ಮೀ.

ಸೂರಿನಂಚು:

ಒಂದೇ ಸ್ಕೆಚ್‌ನಲ್ಲಿ ಬಂತು, ತುಂಡು ಹಿಪ್ ಕೂಡ. ಧನ್ಯವಾದ. ರಿಡ್ಜ್ ಸಮ ಮಾಡುವುದು?

ಮೂಲೆಮಟ್ಟ:

ಎಡಗೆರೆ ಮತ್ತು ಕವಲಿನ ಬಲಗೆರೆ, ಈ ಎರಡಕ್ಕೆ ಮಾತ್ರ 37.6° ಕೊಡಿ. 3 ಮೀ ಅಡ್ಡ ದೂರದಲ್ಲಿ 2.31 ಏರಲು ಅಷ್ಟು ಬೇಕು. ತುಂಡು ಹಿಪ್ ಮಾಯವಾಗಿ ಎರಡು ರಿಡ್ಜೂ ಒಂದೇ ಬಿಂದುವಿನಲ್ಲಿ ಕೂಡುತ್ತವೆ. ಎಡಗೆರೆಯನ್ನು ಒಡೆದು ಕವಲಿನ ಭಾಗಕ್ಕಷ್ಟೇ ಹೆಚ್ಚು ಇಳಿಜಾರು ಕೊಡಲು ಹೋಗಬೇಡಿ. ಒಂದೇ ನೇರದ ಸೂರಿನ ಮೇಲೆ ಎರಡು ಇಳಿಜಾರು ಕೂಡುವುದಿಲ್ಲ.

ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಪಿಕ್ ವಾಲ್ಸ್‌ನಿಂದ ಬಂದ ಗೆರೆಯಲ್ಲಿ ಇಳಿಜಾರು ಗೋಡೆಯ ಮಟ್ಟದಿಂದ ಲೆಕ್ಕ. 750 ಮಿಮೀ ಸೂರಿನಲ್ಲಿ 30° ಮುಖ 433 ಮಿಮೀ ಇಳಿದರೆ 37.6° ಮುಖ 577 ಇಳಿಯುತ್ತದೆ. ಮೂಲೆಯಲ್ಲಿ ಫೇಶಿಯಾ (ಸೂರಿನ ತುದಿಯ) ಹಲಗೆ 144 ಮಿಮೀ ತಪ್ಪುತ್ತದೆ. ಸ್ಕೆಚ್‌ನಲ್ಲೇ ಅಲೈನ್ ಈವ್ಸ್ ಇದೆ, ಅದರಲ್ಲಿ ಎತ್ತರ ಹೊಂದಿಸುವ ಆಯ್ಕೆ ಕೊಡಿ. ಓವರ್‌ಹ್ಯಾಂಗ್ ಹೊಂದಿಸಿದರೆ ಸೂರು 562ಕ್ಕೆ ಕುಗ್ಗಿ ನಿಮ್ಮ 6 ಮೀ ಲೆಕ್ಕವೇ ಕೆಡುತ್ತದೆ. ಎತ್ತರ ಹೊಂದಿಸಿದಾಗ ಆ ಎರಡು ಗೋಡೆಗಳ ವಾಲ್ ಪ್ಲೇಟ್ (ಗೋಡೆಯ ತಲೆಯ ಮೇಲೆ ಪಕ್ಕಾಸು ಕೂರುವ ಮರ) 144 ಮಿಮೀ ಮೇಲೇರುತ್ತದೆ, ಅದನ್ನು ಸೆಕ್ಷನ್‌ನಲ್ಲಿ ಬರೆದು ಕೊಡಿ. ಬರೆಯದಿದ್ದರೆ ಮೇಸ್ತ್ರಿ ಸುತ್ತಲೂ ಒಂದೇ ಮಟ್ಟಕ್ಕೆ ಕಾಂಕ್ರೀಟ್ ಬೆಲ್ಟ್ ಹಾಕಿಬಿಡುತ್ತಾನೆ.

ಒಳಮೂಲೆ:

ವ್ಯಾಲಿಯ ವಿಷಯ ಮರೆಯಬೇಡಿ. ರೂಫ್ 30° ಇದ್ದರೂ ಎರಡು ಮುಖ ಸೇರುವ ವ್ಯಾಲಿ 22.2° ಮಾತ್ರ, ಉದ್ದ 4.58 ಮೀ. ಎರಡೂ ಮುಖಗಳ ನೀರು ಅಲ್ಲಿಗೇ ಬರುತ್ತದೆ, ಅದೂ ಕಡಿಮೆ ಇಳಿಜಾರಿನಲ್ಲಿ. ಮಲೆನಾಡಿನ ಮಳೆಗೆ ಸೋರುವ ಜಾಗ ಅದೇ. ರಿಡ್ಜ್ ಸಮ ಮಾಡಿದರೆ ವ್ಯಾಲಿ 24.8° ಆಗುತ್ತದೆ, ಉದ್ದ 5.51. ಇಳಿಜಾರು ತುಸು ಮೇಲು, ಆದರೆ ಪ್ಲಾನಿನಲ್ಲಿ 45° ಇರುವುದಿಲ್ಲವಾದ್ದರಿಂದ ಎರಡು ಬದಿಯ ಹಂಚನ್ನು ಬೇರೆ ಬೇರೆ ಕೋನಕ್ಕೆ ಕೊಯ್ಯಬೇಕು. ವ್ಯಾಲಿ ಶೀಟನ್ನು ಇನ್-ಪ್ಲೇಸ್ ಸ್ವೀಪ್ ಆಗಿ, ಪಿಕ್ 3ಡಿ ಎಡ್ಜಸ್‌ನಿಂದ ವ್ಯಾಲಿ ಗೆರೆಯನ್ನೇ ಹಾದಿ ಮಾಡಿಕೊಂಡು ಎಳೆಯಿರಿ. ಇಳಿಜಾರು ಬದಲಿಸಿದಾಗಲೆಲ್ಲ ಅದು ಅಂಟಿಕೊಂಡೇ ಇದೆಯೇ ಎಂದು ನೋಡಿಕೊಳ್ಳಿ.

ಲೆಕ್ಕ ಪರೀಕ್ಷಿಸಲು ಸ್ಕೆಚ್‌ಅಪ್ (ಸರಳ 3ಡಿ ಸಾಫ್ಟ್‌ವೇರ್) ಸಾಕು: ಪ್ಲಾನಿನಲ್ಲಿ ಹಿಪ್, ವ್ಯಾಲಿ, ರಿಡ್ಜ್ ಗೆರೆ ಎಳೆದು ರಿಡ್ಜ್‌ಗಳನ್ನು ನೀಲಿ ಅಕ್ಷದಲ್ಲಿ 2.31, 1.73ಕ್ಕೆ ಎತ್ತಿ. ದಶಮಾಂಶ ಮೊಟಕು ಮಾಡದೆ 2.3094, 1.7321 ಹಾಕಿ. ಮುಖದ ಮೇಲೆ ನೀವು ಎಳೆಯದ ಓರೆ ಗೆರೆ ಮೂಡಿದರೆ ಆ ಮುಖ ಸಮತಲವಾಗಿಲ್ಲದಿರಬಹುದು, ಬಿಂದುಗಳ ಎತ್ತರ ಇನ್ನೊಮ್ಮೆ ನೋಡಿ.