ಎಟಿಎಂ ಸಿನಾರಿಯೋಗಳಿಂದ ಸ್ಟೇಟ್ ಮಷೀನ್: ಯಾರೂ ಬರೆಯದ ದಾರಿ ಎಲ್ಲಿಂದ ಬಂತು?

ಪ್ರಶ್ನೆ
ಎಟಿಎಂನಿಂದ ಹಣ ತೆಗೆಯುವ ಸಿನಾರಿಯೋಗಳನ್ನು (ಒಂದೊಂದು ಸಂದರ್ಭದಲ್ಲಿ ನಡೆಯುವ ಹೆಜ್ಜೆಗಳನ್ನು) ಸೀಕ್ವೆನ್ಸ್ ಡಯಾಗ್ರಾಂಗಳಲ್ಲಿ, ಅಂದರೆ ಯಾರು ಯಾರಿಗೆ ಯಾವ ಕ್ರಮದಲ್ಲಿ ಮೆಸೇಜ್ ಕಳಿಸುತ್ತಾರೆ ಅಂತ ತೋರಿಸುವ ಚಿತ್ರಗಳಲ್ಲಿ ಬರೆದು, ಮಷೀನಿನ ಭಾಗಕ್ಕೆ ಒಂದೇ ಸ್ಟೇಟ್ ಮಷೀನ್ (ಯಾವ ಸ್ಥಿತಿಯಿಂದ ಯಾವ ಸ್ಥಿತಿಗೆ ಹೋಗಬಹುದು ಅಂತ ತೋರಿಸುವ ಮಾದರಿ) ಮಾಡಿದ್ದೇವೆ. ಬಿಡಿಬಿಡಿಯಾಗಿ ಎಲ್ಲವೂ ಸರಿ. ಜೋಡಿಸಿದ ಮೇಲೆ ಮಾತ್ರ ಪಿನ್ ತಪ್ಪಾದರೂ "ಮೊತ್ತ ನಮೂದಿಸಿ" ಪರದೆಗೆ ದಾರಿ ಕಾಣುತ್ತಿದೆ. ತಪ್ಪು ಎಲ್ಲಿ?

ಉತ್ತರ 1
ಬ್ಯಾಂಕಿನಿಂದ ಬರುವ ಮೆಸೇಜಿಗೆ ಸರಿ ಪಿನ್, ತಪ್ಪು ಪಿನ್ ಎರಡೂ ಡಯಾಗ್ರಾಂಗಳಲ್ಲಿ "ಪಿನ್ ಉತ್ತರ" ಅಂತ ಒಂದೇ ಹೆಸರು ಕೊಟ್ಟಿರಬೇಕು, ನೋಡಿ. ಹೆಸರು ಒಂದೇ ಅಂತ ಮುಂದಿನ ಸ್ಟೇಟುಗಳನ್ನೂ ಒಂದು ಮಾಡಿದರೆ, ಸರಿ ಪಿನ್ನಿನ ಮುಂದಿನ ಹೆಜ್ಜೆ ತಪ್ಪು ಪಿನ್ನಿಗೂ ಸಿಗುತ್ತದೆ.

ಮೊದಲು ವೇರಿಯೇಬಲ್‌ಗಳನ್ನು ಗೊತ್ತುಮಾಡಿಕೊಳ್ಳಿ: ಕಾರ್ಡ್ ಒಳಗಿದೆಯೇ, ಪಿನ್ ಸರಿಯೇ, ಖಾತೆಯಲ್ಲಿ ಕಡಿತವಾಗಿದೆಯೇ, ನೋಟು ಹೊರಬಂದಿದೆಯೇ. ಪ್ರತಿ ಮೆಸೇಜಿಗೆ ಮುಂಚೆ ಏನು ನಿಜವಿರಬೇಕು, ಆಮೇಲೆ ಏನು ಬದಲಾಗುತ್ತದೆ ಬರೆಯಿರಿ. ವೇರಿಯೇಬಲ್‌ಗಳ ಎಲ್ಲ ಬೆಲೆಗಳೂ (ವ್ಯಾಲ್ಯೂಗಳೂ) ಹೊಂದಿದರೆ ಮಾತ್ರ ಎರಡು ಸ್ಟೇಟುಗಳನ್ನು ಸೇರಿಸಿ. ಬೆಲೆ ತಿಳಿಯದ ಕಡೆ "ಗೊತ್ತಿಲ್ಲ" ಅಂತಲೇ ಬಿಡಿ. ಊಹಿಸಿ ತುಂಬಿದರೆ ಮತ್ತೆ ಅದೇ ಕಥೆ. ತಪ್ಪು ಪಿನ್ನಿನ ಎಣಿಕೆಯೂ ವೇರಿಯೇಬಲ್ ಆಗಲಿ, ಇಲ್ಲದಿದ್ದರೆ ಲೂಪ್ ಎಷ್ಟು ಸಲ ಬೇಕಾದರೂ ತಿರುಗುತ್ತದೆ.

ಉತ್ತರ 2
ಅಷ್ಟು ಮಾಡಿದರೂ ಇಂಪ್ಲೈಡ್ ಸಿನಾರಿಯೋಗಳು, ಅಂದರೆ ಯಾರೂ ಬರೆಯದಿದ್ದರೂ ಭಾಗಗಳನ್ನು ಜೋಡಿಸಿದಾಗ ತಾವಾಗಿ ಹುಟ್ಟುವ ದಾರಿಗಳು ಉಳಿಯುತ್ತವೆ, ನನ್ನ ಪ್ರಕಾರ ನಿಜವಾದ ತಲೆನೋವು ಅವೇ. ಬ್ಯಾಂಕಿನ ಸರ್ವರ್ ಹಣ ಕಡಿತ ಮಾಡಿತು, ಅದರ ಉತ್ತರ ನೆಟ್‌ವರ್ಕಿನಲ್ಲೇ ಕಳೆದುಹೋಯಿತು, ಟೈಮ್‌ಔಟ್ ಆಗಿ ಮಷೀನ್ ಕಾರ್ಡ್ ವಾಪಸ್ ಕೊಟ್ಟಿತು. ಮಷೀನಿನ ಲೆಕ್ಕದಲ್ಲಿ ಇದು "ಸರ್ವರ್ ಸಿಗಲಿಲ್ಲ", ಸರ್ವರಿನ ಲೆಕ್ಕದಲ್ಲಿ ಯಶಸ್ವಿ ವಹಿವಾಟು. ಇಬ್ಬರೂ ತಮ್ಮ ತಮ್ಮ ಡಯಾಗ್ರಾಂ ಪ್ರಕಾರವೇ ನಡೆದಿದ್ದಾರೆ!

ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಎಲ್‌ಟಿಎಸ್‌ಎ ಟೂಲ್ ಇಂಥವನ್ನು ಹುಡುಕಿಕೊಡುತ್ತದೆ. ಆದರೆ ಅದರಲ್ಲಿ ಮೆಸೇಜ್ ವಿನಿಮಯ ಸಿಂಕ್ರೊನಸ್, ಅಂದರೆ ಕಳಿಸುವುದೂ ತಲುಪುವುದೂ ಒಂದೇ ಹೆಜ್ಜೆ. ನೆಟ್‌ವರ್ಕನ್ನೂ ಒಂದು ಕಾಂಪೊನೆಂಟ್ ಆಗಿ ಬರೆಯದಿದ್ದರೆ ಮೆಸೇಜ್ ಕಳೆದುಹೋಗುವುದು ಅದಕ್ಕೆ ಕಾಣಿಸದು.

ಸಿಕ್ಕ ದಾರಿಯನ್ನು ನಿಷೇಧಿಸಲು ಇಲ್ಲಿ ಆಗುವುದಿಲ್ಲ, ನೆಟ್‌ವರ್ಕ್ ನಮ್ಮ ಮಾತು ಕೇಳುವುದಿಲ್ಲವಲ್ಲ. ಹಾಗಾಗಿ ಹೊಸ ರಿಕ್ವೈರ್‌ಮೆಂಟ್ ಬೇಕು: "ಹಣದ ಕೋರಿಕೆಗೆ ನಿಗದಿತ ಅವಧಿಯಲ್ಲಿ ಉತ್ತರ ಬಾರದಿದ್ದರೆ, ಮಷೀನ್ ಅದೇ ವಹಿವಾಟು ಸಂಖ್ಯೆಯೊಂದಿಗೆ ರಿವರ್ಸಲ್ (ಕಡಿತ ರದ್ದುಮಾಡುವ ಮೆಸೇಜ್) ಕಳಿಸಬೇಕು, ಸ್ವೀಕೃತಿ ಬರುವವರೆಗೆ ಪುನಃ ಕಳಿಸುತ್ತಿರಬೇಕು." ಸರ್ವರಿಗೆ ಇದರ ಜೋಡಿ: ಒಂದೇ ಸಂಖ್ಯೆಯ ರಿವರ್ಸಲ್ ಎಷ್ಟು ಸಲ ಬಂದರೂ ಹಣ ಒಂದೇ ಸಲ ಜಮಾ.

ಪ್ರಶ್ನೆ ಕೇಳಿದವರು
ಹೌದು, ಮೆಸೇಜಿನ ಹೆಸರು ಒಂದೇ ಇತ್ತು. ರಿವರ್ಸಲ್ಲೂ ತಲುಪದಿದ್ದರೆ?

ಉತ್ತರ 3
ಆಗ ಕೆಲಸ ದಿನದ ಲೆಕ್ಕ ತಾಳೆ ನೋಡುವವರದು. ಆರ್‌ಬಿಐನ 2019ರ ಸುತ್ತೋಲೆ ಪ್ರಕಾರ, ಕಡಿತವಾಗಿ ನೋಟು ಬಾರದಿದ್ದರೆ ವಹಿವಾಟಿನ ದಿನದಿಂದ 5 ದಿನದೊಳಗೆ ಹಣ ವಾಪಸ್ ಜಮಾ ಆಗಬೇಕು, ಮೀರಿದರೆ ದಿನಕ್ಕೆ ₹100 ಪರಿಹಾರ. ಗ್ರಾಹಕ ದೂರು ಕೊಡಲಿ ಅಂತ ಕಾಯುವಂತಿಲ್ಲ. ಆದ್ದರಿಂದ ಈ ಸಿನಾರಿಯೋದ ಟ್ರಿಗರ್ "ದೂರು ಬಂತು" ಅಂತ ಬರೆಯಬೇಡಿ, "ತಾಳೆಯಲ್ಲಿ ವ್ಯತ್ಯಾಸ ಕಂಡಿತು" ಅಂತ ಬರೆಯಿರಿ.